ಮೇಜಿನ ಮೇಲೊಂದು ಯುದ್ಧವಿಮಾನ ಮ್ಯೂಸಿಯಂ: ಗೆಳೆಯರೆಲ್ಲ ಸೇರಿ ಕಟ್ಟುವುದು ಹೇಗೆ?

ಆರು ಜನ ಗೆಳೆಯರು ಸೇರಿ ವಿಮಾನದ ಮಾಡೆಲ್ ಮಾಡೋಣ ಅಂತ ಒಮ್ಮೆ ಮಾತಾಡಿಕೊಂಡೆವು. ನಾಲ್ಕು ತಿಂಗಳು ಕಳೆದ ಮೇಲೆ ಮೇಜಿನ ಮೇಲೆ ಏನಿತ್ತು ಗೊತ್ತಾ? ನಾಲ್ಕು ಸ್ಪಿಟ್‌ಫೈರ್‌ಗಳು, ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನ. ಅದರಲ್ಲಿ ಎರಡು ದೊಡ್ಡವು, ಎರಡು ಚಿಕ್ಕವು. ನಾಲ್ಕಕ್ಕೂ ನಾಲ್ಕು ತರದ ಹಸಿರು. ಐದನೆಯವನು ಲ್ಯಾಂಕಾಸ್ಟರ್ ಬಾಂಬರ್ ಶುರುಮಾಡಿ ಒಂದು ರೆಕ್ಕೆ ಅಂಟಿಸಿ ಸುಸ್ತಾಗಿದ್ದ. ಆರನೆಯವನು ಕಿಟ್ಟಿನ (ಜೋಡಿಸಬೇಕಾದ ಬಿಡಿಭಾಗಗಳ) ಡಬ್ಬಿಯನ್ನೇ ತೆರೆದಿರಲಿಲ್ಲ. ಆ ಆರನೆಯವನು ನಾನೇ.

ಯಾರಿಗೂ ಕೈಚಳಕ ಇರಲಿಲ್ಲ ಅಂತಲ್ಲ. ಮಾತಾಡಿ ಮುಗಿಸುವ ಮೊದಲೇ ಪ್ಲಾಸ್ಟಿಕ್ ಕತ್ತರಿಸಲು ಕೂತಿದ್ದೆವು, ಅಷ್ಟೇ. ಮರುವರ್ಷ ಒಂದು ಮಿಲಿಟರಿ ವಿಮಾನ ಮ್ಯೂಸಿಯಂ ಅನ್ನೇ ಮಾದರಿಯಾಗಿ ಇಟ್ಟುಕೊಂಡು ಮತ್ತೆ ಕೂತೆವು. ಈ ಸಲ ಕೆಲಸ ಕೈಗೂಡಿತು. ಅದರಿಂದ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

1. ಮ್ಯೂಸಿಯಂ ಅಲ್ಲ, ಅದರ ಒಂದು ಹಾಲ್ ಆರಿಸಿ

ಅಮೆರಿಕದ ಡೇಟನ್‌ನಲ್ಲಿರುವ ವಾಯುಪಡೆಯ ಮ್ಯೂಸಿಯಂನಲ್ಲಿ 350ಕ್ಕೂ ಜಾಸ್ತಿ ವಿಮಾನ, ಕ್ಷಿಪಣಿಗಳಿವೆ. ಅದನ್ನೆಲ್ಲ ಆರು ಜನ ಮಾಡಲು ಹೊರಟರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಒಂದು ಹಾಲ್, ಸಾಧ್ಯವಾದರೆ ಹಾಲಿನ ಒಂದು ಮೂಲೆ ಸಾಕು.

ಇಂಗ್ಲೆಂಡಿನ ಕಾಸ್ಫರ್ಡ್‌ನಲ್ಲಿರುವ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂ ನೋಡಿ. 2007ರಲ್ಲಿ ಅಲ್ಲಿ ಶೀತಲ ಸಮರದ ಪ್ರದರ್ಶನ ತೆರೆದರು. ಬ್ರಿಟನ್ನಿನ ಮೂರು ಅಣುಬಾಂಬರ್‌ಗಳಾದ ವ್ಯಾಲಿಯಂಟ್, ವಿಕ್ಟರ್, ವಲ್ಕನ್ ಒಟ್ಟಿಗೆ ನಿಂತಿರುವುದು ಇದೊಂದೇ ಕಡೆ. ಲೈಟ್ನಿಂಗ್ ಫೈಟರ್ ಒಂದನ್ನು ಮೂಗು ಮೇಲೆ ಮಾಡಿ ನೆಟ್ಟಗೆ ನೇತುಹಾಕಿದ್ದಾರೆ. ಬರೀ ಈ ನಾಲ್ಕನ್ನು ಮಾಡಿದರೂ ನೋಡಿದವರು 'ಇದು ಕಾಸ್ಫರ್ಡ್' ಅನ್ನುತ್ತಾರೆ. ಹೀಗೆ ಕಂಡೊಡನೆ ಗುರುತು ಸಿಗುವ ಮೂಲೆಯನ್ನು ಹುಡುಕಿ.

ಆಮೇಲೆ ಹಂಚಿಕೆ. ಒಂದು ವಿಮಾನ ಒಬ್ಬರಿಗೇ. ಕೇಳಿದ್ದನ್ನು ಕೊಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಎಲ್ಲರಿಗೂ ಬೇಕಾಗುವುದು ಅದೇ ಸ್ಪಿಟ್‌ಫೈರ್! ಚೀಟಿ ಎತ್ತಿ. ಬೇಡವೆನಿಸಿದವರು ತಮ್ಮೊಳಗೆ ಅದಲುಬದಲು ಮಾಡಿಕೊಳ್ಳಲಿ.

2. ಇಂದು ನಿಂತಿರುವ ಹಾಗೋ, ಅಂದು ಹಾರುತ್ತಿದ್ದ ಹಾಗೋ?

ಇಡೀ ಯೋಜನೆಯಲ್ಲಿ ಇದೇ ದೊಡ್ಡ ಪ್ರಶ್ನೆ. ಬಹಳಷ್ಟು ಗುಂಪುಗಳು ಇದನ್ನು ಕೇಳಿಕೊಳ್ಳುವುದೇ ಇಲ್ಲ.

ಲಂಡನ್ನಿನ ಹೆಂಡನ್‌ನಲ್ಲಿರುವ ಆರ್5868 ನಂಬರಿನ ಲ್ಯಾಂಕಾಸ್ಟರ್ ಎರಡನೇ ಮಹಾಯುದ್ಧದಲ್ಲಿ 137 ಸಲ ದಾಳಿಗೆ ಹೋಗಿ ಬಂದ ವಿಮಾನ. ಶತ್ರುವಿನ ಒಂದೂ ವಿಮಾನ ಜರ್ಮನಿಯ ಮೇಲೆ ಹಾರಲಾರದು ಅಂತ ಹಿಟ್ಲರನ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಕೊಚ್ಚಿಕೊಂಡಿದ್ದನಲ್ಲ, ಆ ಮಾತನ್ನೇ ಅದರ ಮೂಗಿನ ಮೇಲೆ ಬರೆದಿದ್ದಾರೆ. ಪಕ್ಕದಲ್ಲಿ ಸಾಲುಸಾಲು ಬಾಂಬಿನ ಗುರುತು. ಅದನ್ನು 1944ರ ರೂಪದಲ್ಲಿ ಮಾಡುವುದಾದರೆ ಎಕ್ಸಾಸ್ಟ್ ಮಸಿ, ಎಣ್ಣೆ ಕಲೆ, ಕೆಸರಿನ ಟಯರು, ಬಣ್ಣ ಸವೆದ ರೆಕ್ಕೆ ಎಲ್ಲ ಬೇಕು. ಬಾಂಬಿನ ಗುರುತು ಎಷ್ಟು ಅನ್ನುವುದೂ ನೀವು ಆರಿಸಿದ ತಿಂಗಳಿನ ಮೇಲೆ ನಿಂತಿದೆ. ಮ್ಯೂಸಿಯಂನಲ್ಲಿ ನಿಂತಿರುವ ರೂಪದಲ್ಲಾದರೆ ಲೆಕ್ಕವೇ ಬೇರೆ.

ಮ್ಯೂಸಿಯಂ ವಿಮಾನಕ್ಕೆ ಅದರದೇ ಲಕ್ಷಣಗಳಿವೆ. ಸಾಮಾನ್ಯವಾಗಿ ನಾವು ಟಯರಿನ ಅಡಿಯನ್ನು ಸ್ವಲ್ಪ ಉಜ್ಜಿ ಚಪ್ಪಟೆ ಮಾಡುತ್ತೇವೆ, ಭಾರಕ್ಕೆ ಕುಗ್ಗಿದಂತೆ ಕಾಣಲಿ ಅಂತ. ಆದರೆ ಎಷ್ಟೋ ಮ್ಯೂಸಿಯಂಗಳಲ್ಲಿ ವಿಮಾನವನ್ನು ಜಾಕ್ ಅಥವಾ ಸ್ಟ್ಯಾಂಡ್ ಮೇಲೆ ಕೂರಿಸಿರುತ್ತಾರೆ. ಅಲ್ಲಿ ಟಯರು ಗುಂಡಗೇ ಇರಬೇಕು. ಎಂಜಿನ್ ಕೆಳಗೆ ಎಣ್ಣೆ ತೊಟ್ಟಿಕ್ಕುವ ತಟ್ಟೆ ಇಟ್ಟಿರುತ್ತಾರೆ. ಜೆಟ್ಟಿನ ಗಾಳಿ ಬಾಯಿಗೆ ಕೆಂಪು ಮುಚ್ಚಳ ಹಾಕಿರುತ್ತಾರೆ. ಈ ಮುಚ್ಚಳ ಇದ್ದರೆ ಒಳಗಿನ ಕಷ್ಟದ ಜೋಡಣೆ ಗೆರೆ ಉಜ್ಜುವ ಕೆಲಸವೂ ತಪ್ಪುತ್ತದೆ. ಇದು ಸೋಮಾರಿತನ ಅಲ್ವಾ ಅಂತ ಕೇಳಬೇಡಿ, ಹೌದು.

ಇನ್ನೊಂದು ತುದಿಯಲ್ಲಿ ಆರ್‌ಎಎಫ್ ಮ್ಯೂಸಿಯಂನದೇ ಹ್ಯಾಲಿಫ್ಯಾಕ್ಸ್ ಬಾಂಬರ್ ಡಬ್ಲ್ಯು1048 ಇದೆ. 1942ರ ಏಪ್ರಿಲ್‌ನಲ್ಲಿ ಜರ್ಮನಿಯ ತಿರ್ಪಿಟ್ಜ್ ಯುದ್ಧನೌಕೆಯ ಮೇಲೆ ದಾಳಿಗೆ ಹೋಗಿ, ಏಟು ತಿಂದು, ನಾರ್ವೆಯ ಹೆಪ್ಪುಗಟ್ಟಿದ ಹೋಕ್ಲಿಂಗೆನ್ ಕೆರೆಯ ಮೇಲೆ ಇಳಿದ ವಿಮಾನ ಅದು. ಮಂಜುಗಡ್ಡೆ ಕರಗಿದಾಗ ಮುಳುಗಿತು. 1973ರಲ್ಲಿ ಮೇಲೆತ್ತಿದರು. ಅದನ್ನು ಹೊಸದರಂತೆ ಮಾಡದೆ, ಸಿಕ್ಕ ರೂಪದಲ್ಲೇ ಜನರಿಗೆ ತೋರಿಸಿದರು. ಹರಿದ ತಗಡು, ತಿಂದುಹೋದ ಲೋಹ, ಮಾಸಿದ ಬಣ್ಣ. ಅಂಥದ್ದನ್ನು ಮಾಡೆಲ್ ಮಾಡುವವನಿಗೆ ಬಣ್ಣಕ್ಕಿಂತ ಚಾಕುವೇ ಮುಖ್ಯ. ಪ್ಲಾಸ್ಟಿಕ್ ಅನ್ನು ಒಳಗಿನಿಂದ ಕಾಗದದಷ್ಟು ತೆಳುವಾಗುವವರೆಗೆ ಕೆರೆದು ಆಮೇಲೆ ಹರಿಯಬೇಕು. ಗುಂಪಿನಲ್ಲಿ ಅತಿ ತಾಳ್ಮೆಯವರಿಗೆ ಇದನ್ನು ಕೊಡಿ.

ಎರಡರಲ್ಲಿ ಯಾವುದಾದರೂ ಸರಿ. ಆದರೆ ಎಲ್ಲರಿಗೂ ಒಂದೇ ನಿಯಮ ಇರಲಿ. ಕೆಸರಿನ ಸ್ಪಿಟ್‌ಫೈರ್ ಪಕ್ಕದಲ್ಲಿ ಪಾಲಿಶ್ ಹೊಡೆದ ಲ್ಯಾಂಕಾಸ್ಟರ್ ನಿಂತರೆ ಎರಡೂ ಸುಳ್ಳಾಗಿ ಕಾಣುತ್ತವೆ. ನನ್ನ ಮತ 'ಇಂದು ನಿಂತಿರುವ ಹಾಗೆ' ಅನ್ನುವುದರ ಕಡೆಗೆ. ಹೋಗಿ ನೋಡಿ ಸರಿಯೋ ತಪ್ಪೋ ತಿಳಿದುಕೊಳ್ಳಬಹುದು.

3. ಸ್ಕೇಲ್: ಭಾಗಿಸಿ, ಕಾಗದ ಕತ್ತರಿಸಿ

1942ರ ಆರಂಭದಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ 5 ಲಕ್ಷ ಮರದ ವಿಮಾನ ಮಾಡೆಲ್‌ಗಳನ್ನು ಮಾಡಿಸಲು ಹೊರಟಿತು. ಸೈನಿಕರಿಗೆ ನಮ್ಮದು ಯಾವುದು, ಶತ್ರುವಿನದು ಯಾವುದು ಅಂತ ಕಲಿಸಲು ಅವು ಬೇಕಿದ್ದವು. ಅಷ್ಟೂ ಮಾಡೆಲ್‌ಗಳಿಗೆ ಒಂದೇ ಸ್ಕೇಲ್, 1/72. ಆರಡಿ ಒಂದು ಇಂಚಾಗುತ್ತದೆ. ಅಂದರೆ ಆರಡಿಯ ಮನುಷ್ಯ ಒಂದಿಂಚಿನ ಗೊಂಬೆ. ಲೆಕ್ಕ ಸುಲಭ, ಅದಕ್ಕೇ ಈ ಸ್ಕೇಲ್ ಇಂದಿಗೂ ನಿಂತಿದೆ.

ಗುಂಪಿಗೂ 1/72 ಒಳ್ಳೆಯದು. 1/48ರಲ್ಲಿ ಕಾಕ್‌ಪಿಟ್ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಬಾಂಬರ್ ಇಡಲು ಜಾಗ ಸಾಲದು. ಅಮೆರಿಕದ ಬಿ-52 ಬಾಂಬರಿನ ರೆಕ್ಕೆ ತುದಿಯಿಂದ ತುದಿಗೆ 56 ಮೀಟರ್ ಚಿಲ್ಲರೆ. 72ರಿಂದ ಭಾಗಿಸಿದರೆ 78 ಸೆಂಟಿಮೀಟರ್. 48ರಿಂದ ಭಾಗಿಸಿದರೆ ಒಂದು ಮೀಟರಿಗೂ ಜಾಸ್ತಿ. 1/144ರಲ್ಲಿ 39 ಸೆಂಟಿಮೀಟರ್. ಇನ್ನು ಪುಟ್ಟ ನ್ಯಾಟ್ ಫೈಟರ್ 1/72ರಲ್ಲಿ 9 ಸೆಂಟಿಮೀಟರ್ ಚಿಲ್ಲರೆ, ಅಂಗೈ ಮೇಲೆ ಕೂರುತ್ತದೆ. ಸ್ಪಿಟ್‌ಫೈರ್ ಸುಮಾರು 16, ಲ್ಯಾಂಕಾಸ್ಟರ್ 43, ವಲ್ಕನ್ 47 ಸೆಂಟಿಮೀಟರ್.

ಒಂದೇ ಮೇಜಿನ ಮೇಲೆ ಎರಡು ಸ್ಕೇಲ್ ಬೇಡವೇ ಬೇಡ. ಮ್ಯೂಸಿಯಂಗೆ ಹೋದಾಗ ನಮ್ಮನ್ನು ಮೊದಲು ನಿಲ್ಲಿಸುವುದು ಗಾತ್ರ ತಾನೇ? ಚಿಕ್ಕದರ ಪಕ್ಕದಲ್ಲಿ ದೊಡ್ಡದು ನಿಂತಾಗಿನ ಆ ದಿಗಿಲು ಮೇಜಿನ ಮೇಲೂ ಬರಬೇಕು.

ಕಿಟ್ ಕೊಳ್ಳುವ ಮೊದಲು ಪ್ರತಿ ವಿಮಾನದ ಆಕಾರವನ್ನು ಅದೇ ಅಳತೆಗೆ ಹಳೆ ಪತ್ರಿಕೆಯಲ್ಲಿ ಕತ್ತರಿಸಿ ಮೇಜಿನ ಮೇಲೆ ಹರಡಿ. ರೆಕ್ಕೆಗಳು ಒಂದರ ಮೇಲೊಂದು ಬಂದರೂ ಪರವಾಗಿಲ್ಲ. ಮ್ಯೂಸಿಯಂಗಳಲ್ಲೂ ಹಾಗೇ ಒತ್ತಿ ನಿಲ್ಲಿಸಿರುತ್ತಾರೆ, ದೊಡ್ಡದರ ರೆಕ್ಕೆಯ ಕೆಳಗೆ ಚಿಕ್ಕದು. ಜಾಗ ಸಾಲದಿದ್ದರೆ ಒಂದೆರಡನ್ನು ನೇತುಹಾಕಿ. ನೇತಾಡುವ ವಿಮಾನದ ಗಾಲಿಗಳನ್ನು ಒಳಗೆ ಮಡಿಸಿ ಮುಚ್ಚಬಹುದು. ಹೊಸಬರಿಗೆ ಅದೇ ಸುಲಭ, ಯಾಕೆಂದರೆ ಗಾಲಿಯ ಕಾಲುಗಳನ್ನು ನೇರ ನಿಲ್ಲಿಸುವುದೇ ದೊಡ್ಡ ತಲೆನೋವು.

4. ಫೋಟೋ ತೆಗೆಯುವ ದಿನ

ಸಾಧ್ಯವಿದ್ದರೆ ಎಲ್ಲರೂ ಒಟ್ಟಿಗೆ ಹೋಗಿ. ಮೊದಲು ಮಾಹಿತಿ ಫಲಕದ ಫೋಟೋ, ಆಮೇಲೆ ವಿಮಾನ. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವ ಗಾಲಿ ಯಾವ ವಿಮಾನದ್ದು ಅಂತ ತಿಳಿಯದೆ ಒದ್ದಾಡುತ್ತೀರಿ. ಚೆಂದದ ಫೋಟೋ ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟಿವೆ. ನಿಮಗೆ ಬೇಕಾದದ್ದು ಯಾರೂ ತೆಗೆಯದವು: ಗಾಲಿ ಗೂಡಿನ ಒಳಗು, ಹೊಟ್ಟೆಯ ಅಡಿ, ಬಾಲದ ಹಿಂಬದಿ, ಗುರುತಿನ ಅಕ್ಷರಗಳ ಜಾಗ. ಫೋನನ್ನು ನೆಲದ ಹತ್ತಿರ ಹಿಡಿದು ಮೇಲಕ್ಕೆ ತೆಗೆಯಿರಿ. ಕಟಕಟೆ ದಾಟಬೇಡಿ, ಮುಟ್ಟಬೇಡಿ.

ಹಾಲಿನ ದೀಪ ಬಣ್ಣವನ್ನು ಕೆಡಿಸುತ್ತದೆ. ಬೂದು ಹಳದಿಯಾಗಿ ಕಾಣಬಹುದು. ಒಂದು ಬಿಳಿ ಕಾರ್ಡನ್ನು ಚೌಕಟ್ಟಿನ ಮೂಲೆಯಲ್ಲಿ ಹಿಡಿದು ಒಂದು ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ಸರಿಮಾಡಬಹುದು.

5. ಬಣ್ಣಕ್ಕೆ ಒಂದೇ ಪಟ್ಟಿ

'ಕಡು ಹಸಿರು' ಅಂತ ಪಟ್ಟಿಯಲ್ಲಿ ಬರೆದರೆ ನಾಲ್ಕು ಜನ ನಾಲ್ಕು ಹಸಿರು ತರುತ್ತಾರೆ. ಇದು ಅನುಭವದ ಮಾತು. ಕಂಪನಿ, ಶೀಶೆಯ ನಂಬರು ಎರಡನ್ನೂ ಬರೆಯಿರಿ. ಪ್ರೈಮರ್ (ಬಣ್ಣದ ಕೆಳಗೆ ಬಳಿಯುವ ಮೊದಲ ಪದರ) ಕೂಡ ಒಂದೇ ಇರಲಿ. ಕಪ್ಪು ಪ್ರೈಮರ್ ಮೇಲಿನ ಬೂದು ಬೇರೆ, ಬಿಳಿಯ ಮೇಲಿನ ಬೂದು ಬೇರೆ.

ಅಮೆರಿಕದ ವಿಮಾನಗಳಿಗೆ ಎಫ್‌ಎಸ್ 595 ಅನ್ನುವ ಬಣ್ಣದ ಪಟ್ಟಿ ಇದೆ. ಪ್ರತಿ ಬಣ್ಣಕ್ಕೂ ಐದಂಕಿ. ಮೊದಲ ಅಂಕಿ ಹೊಳಪು: 1 ಅಂದರೆ ಹೊಳೆಯುವುದು, 2 ಅರೆ ಹೊಳಪು, 3 ಮ್ಯಾಟ್. ಎರಡನೆಯದು ಬಣ್ಣದ ಜಾತಿ: 4 ಹಸಿರು, 5 ನೀಲಿ, 6 ಬೂದು. ಎಫ್-16 ಫೈಟರಿನ ಬೂದುಗಳಲ್ಲಿ ಒಂದು 36270. ಮ್ಯೂಸಿಯಂನವರು ಅದಕ್ಕೆ ಹೊಳಪು ಬಣ್ಣ ಹೊಡೆದಿದ್ದರೆ ಅದು 16270. ಬಣ್ಣ ಅದೇ, ಮೊದಲ ಅಂಕಿ ಮಾತ್ರ ಬೇರೆ. ಹಾಗಾಗಿ ಬೂದು ಶೀಶೆ ಬದಲಿಸಬೇಕಿಲ್ಲ, ಕೊನೆಯ ವಾರ್ನಿಷ್ ಬದಲಿಸಿದರೆ ಸಾಕು.

ಸ್ಪ್ರೇ ಮಾಡುವಾಗ ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ. ರೆಸಿನ್ ಭಾಗಗಳನ್ನು ಒಣಗಿದ ಹಾಗೇ ಉಜ್ಜಬೇಡಿ, ನೀರು ಹಚ್ಚಿ ಉಜ್ಜಿ. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

6. ಮುಗಿಯದವರಿಗೂ ಜಾಗ

ಮುಗಿಸಲು ನಾಲ್ಕು ತಿಂಗಳ ಗಡುವು ಇಟ್ಟುಕೊಳ್ಳಿ. ಹಳೆಯ ಅರ್ಧಂಬರ್ಧ ಕಿಟ್ ತರಬಹುದೇ ಅಂತ ಒಬ್ಬರಾದರೂ ಕೇಳುತ್ತಾರೆ. ಕಾಲು ಭಾಗದವರೆಗೆ ಆಗಿದ್ದರೆ ಸರಿ ಅನ್ನಿ. ತಿಂಗಳಿಗೊಮ್ಮೆ ಎಲ್ಲರೂ ತಮ್ಮದನ್ನು ತಂದು ತೋರಿಸಲಿ. ನಾಚಿಕೆಗಾದರೂ ಕೆಲಸ ಸಾಗುತ್ತದೆ.

ಆದರೂ ಯಾರಾದರೊಬ್ಬರು ಮುಗಿಸುವುದಿಲ್ಲ. ಬೇರೆ ವಿಷಯವಾಗಿದ್ದರೆ ಅವರು ಬರಿಗೈಯಲ್ಲಿ ನಿಲ್ಲಬೇಕಿತ್ತು. ಮ್ಯೂಸಿಯಂ ಆದ್ದರಿಂದ ಉಪಾಯ ಇದೆ: ದುರಸ್ತಿ ವಿಭಾಗ! ಡೇಟನ್‌ನಲ್ಲಿ ಮೆಂಫಿಸ್ ಬೆಲ್ ಬಾಂಬರ್ ಜನರ ಮುಂದೆ ಬಂದದ್ದು 2018ರ ಮೇನಲ್ಲಿ, ವರ್ಷಗಟ್ಟಲೆ ದುರಸ್ತಿಯ ನಂತರ. ಕಾಸ್ಫರ್ಡ್‌ನ ದುರಸ್ತಿ ಕೇಂದ್ರಕ್ಕೆ ಸಮುದ್ರದ ತಳದಿಂದ 2013ರಲ್ಲಿ ಎತ್ತಿದ ಜರ್ಮನಿಯ ಡಾರ್ನಿಯರ್ 17 ಬಂತು, ಉಪ್ಪು ತೊಳೆಯುವುದೇ ಒಂದು ದೊಡ್ಡ ಕೆಲಸವಾಯಿತು. ಅಂದಮೇಲೆ ನಿಮ್ಮ ಗೆಳೆಯನ ಒಂದು ರೆಕ್ಕೆಯ ಲ್ಯಾಂಕಾಸ್ಟರ್‌ಗೆ ಯಾಕೆ ಮುಜುಗರ? ಸುತ್ತ ಬೆಂಕಿಕಡ್ಡಿಯ ಸಾರುವೆ ಕಟ್ಟಿ. ಪ್ರೈಮರ್ ಬಳಿದ ಇನ್ನೊಂದು ರೆಕ್ಕೆಯನ್ನು ಪಕ್ಕದಲ್ಲಿ ಮಲಗಿಸಿ. ನಮ್ಮ ಎರಡನೇ ಪ್ರಯತ್ನದಲ್ಲಿ ಅದೇ ಲ್ಯಾಂಕಾಸ್ಟರ್ ಹೀಗೆ ನಿಂತಿತು. ಬೇಕಂತಲೇ ಹಾಗೆ ಮಾಡಿದ್ದು ಅಂತ ಅವನು ಇವತ್ತಿಗೂ ಹೇಳುತ್ತಾನೆ.

7. ನೆಲ, ಜನ, ಸಾಗಣೆ

ನೆಲಕ್ಕೆ ಬೂದು ಬಣ್ಣದ ರಟ್ಟು, ಮೇಲೆ ಹೊಳಪು ವಾರ್ನಿಷ್. ಕಟಕಟೆಗೆ ಗುಂಡುಸೂಜಿ, ದಾರ. ಫಲಕಗಳನ್ನು ಚಿಕ್ಕದಾಗಿ ಪ್ರಿಂಟ್ ಹಾಕಿಸಿ. ನೋಡಲು ಬಂದ ಜನರ ಗೊಂಬೆಗಳನ್ನು ರೈಲು ಮಾಡೆಲ್ ಅಂಗಡಿಯಲ್ಲಿ ಹುಡುಕುವಾಗ ಎಚ್ಚರ. ಅಲ್ಲಿನ ಸ್ಕೇಲ್‌ಗಳಿಗೆ ಬೇರೆ ಹೆಸರು: ಎಚ್‌ಒ ಅಂದರೆ 1/87, ನಿಮ್ಮ ವಿಮಾನದ ಪಕ್ಕ ಎಲ್ಲರೂ ಕುಳ್ಳರಾಗುತ್ತಾರೆ. ಒಒ ಅಂದರೆ 1/76, ಅದು ನಡೆಯುತ್ತದೆ.

ಮೂಗಿನ ತುದಿಯ ಸಣ್ಣ ಕೊಳವೆ, ಬೆನ್ನಿನ ಮೇಲಿನ ಆಂಟೆನಾ, ಇವನ್ನು ಮನೆಯಲ್ಲಿ ಅಂಟಿಸಬೇಡಿ. ಬೇರೆ ಡಬ್ಬಿಯಲ್ಲಿ ತಂದು ಅಲ್ಲೇ ಹಚ್ಚಿ. ಮೊದಲು ದೊಡ್ಡ ವಿಮಾನ ಇಡಿ, ಆಮೇಲೆ ಅದರ ರೆಕ್ಕೆಯಡಿಯ ಚಿಕ್ಕವು, ನೇತಾಡುವವು ಕೊನೆಗೆ. ತೆಗೆಯುವಾಗ ಇದೇ ಕ್ರಮ ಹಿಂದುಮುಂದಾಗಲಿ. ಮೇಜಿನ ಕೆಳಗೆ ಒಂದು ಬಿಳಿ ಬಟ್ಟೆ ಹಾಸಿರಿ. ಬಿದ್ದ ಗಾಲಿ ಅದರ ಮೇಲಾದರೆ ಕಣ್ಣಿಗೆ ಬೀಳುತ್ತದೆ.