ಹಳೆಯ ಗುಂಡಿನ ಸರ ಕರಗಿಸುವಾಗ

‘ಅಕ್ಕನ ಚಿನ್ನವಾದರೂ ಅಕ್ಕಸಾಲಿಗ ಬಿಡ’ ಎಂಬ ಗಾದೆಯನ್ನು ನನ್ನೆದುರೇ ಹೇಳಿ ನಗುವವರಿದ್ದಾರೆ. ಹಾಗಾಗಿ ಹಳೆಯ ಒಡವೆ ಕರಗಿಸಲು ಬಂದವರನ್ನು ಕುಲುಮೆಯ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ.

ಅಜ್ಜಿಯ ಕಾಲದ ಗುಂಡಿನ ಸರವಾದರೆ ಮೊದಲು ಒಂದು ಗುಂಡನ್ನು ಕತ್ತರಿಸಿ ತೋರಿಸುತ್ತೇನೆ. ಹೊರಗೆ ಚಿನ್ನದ ತೆಳು ತಗಡು, ಒಳಗೆಲ್ಲ ಅರಗು. ತಗಡು ನೆಗ್ಗದಿರಲಿ ಎಂದು ತುಂಬಿದ್ದು, ಮೋಸವೇನಲ್ಲ. ಮಾಡಿಸಿದವರಿಗೆ ಗೊತ್ತಿದ್ದ ಸಂಗತಿ ಮೊಮ್ಮಕ್ಕಳಿಗೆ ಗೊತ್ತಿರುವುದಿಲ್ಲ, ಅರಗಿನ ತೂಕವೂ ಚಿನ್ನದ ಲೆಕ್ಕಕ್ಕೇ ಸೇರಿಕೊಂಡಿರುತ್ತದೆ.

ಬೆಂಕಿ ತಾಗಿಸಿದರೆ ಅರಗು ಹೊಗೆಯಾಡುತ್ತ ಉರಿದುಹೋಗುತ್ತದೆ. ಉಳಿದದ್ದನ್ನು ಮತ್ತೆ ತೂಗಿ, ಆ ಅಂಕಿಯನ್ನು ತಂದವರ ಕೈಯಿಂದಲೇ ಬರೆಸುತ್ತೇನೆ. ಬಳಿಕ ಮೂಸೆಗೆ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ ಉರಿ ಹಿಡಿಯುತ್ತೇನೆ. ಅಪ್ಪಟ ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಬೇಕು. ಬೆರಕೆಯದ್ದು ಅದಕ್ಕೂ ಮುಂಚೆ ಕುಸಿಯುತ್ತದೆ. ಬಿಳಿಗಾರ ಕೊಳೆಯನ್ನೆಲ್ಲ ಎಳೆದುಕೊಂಡು ಅಂಚಿಗೆ ಸರಿದಾಗ ನಡುವಿನ ಚಿನ್ನ ಕನ್ನಡಿಯಂತೆ ಹೊಳೆಯುತ್ತದೆ. ಆಗ ತಡಮಾಡದೆ ಅಚ್ಚಿಗೆ ಸುರಿಯಬೇಕು.

ಮಾತಿಗೆ ಮಾತು ಬೆಳೆಯುವುದು ಗಟ್ಟಿಯನ್ನು ಪರೀಕ್ಷೆಗೆ ಕಳಿಸಿದ ಮೇಲೆ. ಒರೆಗಲ್ಲಿನ ಗೆರೆ ನೋಡಿ ನಾನೂ ಅಂದಾಜು ಹೇಳಬಲ್ಲೆ. ಆದರೆ ನನ್ನ ಕಣ್ಣಿಗಿಂತ ಎಕ್ಸ್‌-ರೇ ಯಂತ್ರದ ಚೀಟಿಗೆ ಬೆಲೆ ಹೆಚ್ಚು. 22 ಕ್ಯಾರಟ್ ಎಂದರೆ ನೂರಕ್ಕೆ 91.6 ಭಾಗ ಚಿನ್ನವಿರಬೇಕು. ಹಳೆಯ ಸರ 86ಕ್ಕೆ ನಿಂತರೆ ನನಗೇನೂ ಅಚ್ಚರಿಯಿಲ್ಲ. ಕಾರಣ ಬೆಸುಗೆ. ಬೆಸುಗೆಯ ಲೋಹ ಒಡವೆಗಿಂತ ಮೊದಲು ಕರಗಬೇಕಾದ್ದರಿಂದ ಅದಕ್ಕೆ ತಾಮ್ರ, ಬೆಳ್ಳಿಯನ್ನು ಹೆಚ್ಚು ಬೆರೆಸುತ್ತಿದ್ದರು. ಒಂದೊಂದು ಗುಂಡಿಗೂ ಒಂದೊಂದು ಕೊಂಡಿಗೂ ಅಷ್ಟಷ್ಟು. ಈ ತೊಂದರೆ ನೀಗಿಸಿದ್ದು ಕ್ಯಾಡ್ಮಿಯಂ ಬೆಸುಗೆ, ಜನರ ಬಾಯಲ್ಲಿ ಕೆಡಿಎಂ. ಸ್ವಲ್ಪ ಬೆರೆಸಿದರೂ ಸಾಕಾಗುತ್ತಿದ್ದರಿಂದ ಶುದ್ಧತೆ ಇಳಿಯುತ್ತಿರಲಿಲ್ಲ. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಆ ಹೊಗೆ ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಕೊಳ್ಳುವವರು ಕೆಡಿಎಂ ಎಂದರೆ ಒಳ್ಳೆಯ ಚಿನ್ನ ಎಂದು ಹಿಗ್ಗಿದರು, ಹೊಗೆ ಕುಡಿದವರು ನಾವು. ಈಗ ನಾನು ಬಳಸುವುದು ಸತು ಬೆರೆತ ಬೆಸುಗೆ.

ಇನ್ನು ಆ 86ರ ಗಟ್ಟಿ 30 ಗ್ರಾಂ ಇದ್ದರೆ, ಅದನ್ನು 91.6ಕ್ಕೆ ಏರಿಸಲು 20 ಗ್ರಾಂ ಅಪರಂಜಿ ಬೇಕು. “ಇದೆಂಥ ಲೆಕ್ಕ ಆಚಾರ್ಯರೇ?” ಎಂದು ಹುಬ್ಬೇರಿಸುತ್ತಾರೆ. ಕಾಗದ, ಪೆನ್ನು ಅವರ ಕೈಗೇ ಕೊಡುತ್ತೇನೆ: ಗಟ್ಟಿಯಲ್ಲಿರುವ ಅಪ್ಪಟ ಚಿನ್ನ 25.8 ಗ್ರಾಂ, ಅದಕ್ಕೆ 20 ಕೂಡಿದರೆ 45.8, ಅದು 50 ಗ್ರಾಮಿನಲ್ಲಿ, ಅಂದರೆ ನೂರಕ್ಕೆ 91.6. ಅಷ್ಟು ಚಿನ್ನ ಕೊಳ್ಳಲಾಗದವರೇ ಹೆಚ್ಚು. ಅಂಥವರ ಗಟ್ಟಿಯನ್ನು ಶುದ್ಧೀಕರಣಕ್ಕೆ ಕಳಿಸಿ, ಬಂದ ಅಪರಂಜಿಗೆ 10 ಗ್ರಾಮಿಗೆ ಸುಮಾರು 0.9 ಗ್ರಾಮಿನಂತೆ ತಾಮ್ರ, ಬೆಳ್ಳಿ ಸೇರಿಸುತ್ತೇನೆ. ತಾಮ್ರ ಮುಂದಾದರೆ ಕೆಂಪು, ಬೆಳ್ಳಿ ಮುಂದಾದರೆ ತುಸು ಹಸಿರು ಛಾಯೆ. ನನ್ನ ಬಳಿ ಬರುವವರು ಕೇಳುವುದು ಕೆಂಪನ್ನೇ.