ಹೆಸರಿಲ್ಲದ ಕಾಯಿಲೆಗೆ ಒಂದು ಕಡತ

ನನ್ನ ಮಗಳ ಕಾಯಿಲೆಗೆ ಇನ್ನೂ ಹೆಸರು ಸಿಕ್ಕಿಲ್ಲ. ಸ್ನಾಯುಗಳಲ್ಲಿ ಬಿಗಿಯಿಲ್ಲ, ಮಾತು ತಡವಾಗಿದೆ, ಆಗೊಮ್ಮೆ ಈಗೊಮ್ಮೆ ವಾಂತಿ ಶುರುವಾಗಿ ಮಂಕು ಕವಿಯುತ್ತದೆ. ಎಂಆರ್‌ಐ, ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ), ಕ್ರೋಮೋಸೋಮ್ ಪರೀಕ್ಷೆ, ಎಲ್ಲವೂ ನಾರ್ಮಲ್. ಆಸರೆಯಿಲ್ಲದೆ ಕೂರಲಾರದ ಮಗುವಿನ ತಾಯಿಗೆ ‘ನಾರ್ಮಲ್’ ಎಂಬ ವರದಿ ಕೊಟ್ಟರೆ ಸಮಾಧಾನಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ನಾನು ಕಡತ ಇಡಲು ಶುರು ಮಾಡಿದೆ.

ಕಡತದ ಮೊದಲ ಹಾಳೆ ತುರ್ತು ವಿಭಾಗಕ್ಕೆ. ‘ರೋಗನಿರ್ಣಯವಾಗಿಲ್ಲ, ತಪಾಸಣೆ ನಡೆಯುತ್ತಿದೆ’ ಎಂಬುದೇ ಅದರ ತಲೆಸಾಲು. ಕೆಳಗೆ ತೂಕ, ಔಷಧಿಗಳ ಪ್ರಮಾಣ, ಹಿಂದೆ ಒಗ್ಗದ ಔಷಧಿ, ಯಾವ ವೈದ್ಯರಿಗೆ ಕರೆ ಮಾಡಬೇಕೆಂಬ ವಿವರ. ಹಿಂದಿನ ಹಾಳೆಗಳಲ್ಲಿ ಮೂಲ ವರದಿಗಳು, ತಾರೀಖಿನ ಪ್ರಕಾರ.

ದಿನಚರಿಯಲ್ಲಿ ತೀರ್ಮಾನಗಳನ್ನು ಬರೆಯುವುದಿಲ್ಲ, ಕಂಡದ್ದನ್ನಷ್ಟೇ ಬರೆಯುತ್ತೇನೆ. ‘ಫಿಟ್ಸ್ ಬಂತು’ ಎಂದರೆ ವೈದ್ಯರಿಗೆ ಏನೂ ತಿಳಿಯದು. ‘ಎಡಗೈ ಅದುರಿತು, ಕಣ್ಣು ಬಲಕ್ಕೆ ಹೊರಳಿತು, ಕರೆದರೂ ಓಗೊಡಲಿಲ್ಲ, ಆಮೇಲೆ ಗಾಢ ನಿದ್ದೆ’ ಎಂದರೆ ಅವರ ಪೆನ್ನು ಓಡುತ್ತದೆ. ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು: ಹೊದಿಕೆ ಸರಿಸಿ, ಮುಖವೂ ಕೈಕಾಲೂ ಕಾಣುವಂತೆ, ನಡುವೆ ಹೆಸರು ಹಿಡಿದು ಕರೆಯುತ್ತಾ. ಎರಡು ಫಿಟ್ಸ್‌ಗಳ ನಡುವೆ ತೆಗೆದ ಇಇಜಿ ಸರಿಯಾಗಿಯೇ ಬರಬಹುದು. ಫಿಟ್ಸ್ ಬಂದ ಹೊತ್ತಿನಲ್ಲಿ ಮೊಬೈಲ್ ಹಿಡಿಯುವುದೆಂದರೆ ಕಲ್ಲುಮನಸ್ಸು ಎಂದು ಮನೆಯವರಿಗೆ ಅನಿಸಿತ್ತು. ಆ ವಿಡಿಯೊ ನೋಡಿಯೇ ನರರೋಗ ತಜ್ಞರು ಔಷಧಿ ಬದಲಿಸಿದರು.

ರಕ್ತಪರೀಕ್ಷೆಯದೂ ಇದೇ ಕತೆ. ಕೆಲವು ಚಯಾಪಚಯ ದೋಷಗಳು, ಅಂದರೆ ದೇಹ ಆಹಾರವನ್ನು ಬಳಸಿಕೊಳ್ಳುವುದರಲ್ಲಿನ ತೊಡಕುಗಳು, ಮಗು ಲವಲವಿಕೆಯಿಂದಿರುವಾಗ ತೆಗೆದ ರಕ್ತದಲ್ಲಿ ಸುಳಿವೇ ಕೊಡುವುದಿಲ್ಲ. ಅಮೋನಿಯಾ, ಲ್ಯಾಕ್ಟೇಟ್, ಸಕ್ಕರೆ, ಮೂತ್ರದ ಕೀಟೋನ್ ಇವನ್ನೆಲ್ಲ ಮಂಕು ಕವಿದಾಗಲೇ ನೋಡಬೇಕು. ಚಿಕಿತ್ಸೆ ತಡವಾಗದಂತೆ, ಆದರೆ ಸಾಧ್ಯವಾದರೆ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲೇ. ಅಮೋನಿಯಾದ ಮಾದರಿ ಮಂಜುಗಡ್ಡೆಯಲ್ಲಿ, ಬೇಗನೆ ಪ್ರಯೋಗಾಲಯ ತಲುಪಬೇಕು. ನಡುರಾತ್ರಿ ಎದುರಾಗುವ ಕಿರಿಯ ವೈದ್ಯರಿಗೆ ತಾಯಿ ಹೇಳಿದರೆ ಅದು ಬುದ್ಧಿವಾದವಾಗುತ್ತದೆ. ಅದಕ್ಕೇ ನಮ್ಮ ತಜ್ಞರಿಂದ ಇದನ್ನು ಬರೆಸಿ, ಸಹಿ ಹಾಕಿಸಿ, ಮೊದಲ ಹಾಳೆಯ ಹಿಂದೆಯೇ ಇಟ್ಟಿದ್ದೇನೆ.

ಆಮೇಲೆ ಎಕ್ಸೋಮ್ ಪರೀಕ್ಷೆ. ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಕೆಗೆ ಸಂಬಂಧಿಸಿದ ಭಾಗ ಶೇಕಡ 1ರಿಂದ 2 ಮಾತ್ರ. ಸುಮಾರು 20,000 ಜೀನ್‌ಗಳಿಗೆ ಸೇರಿದ ಆ ಭಾಗವನ್ನು ಇದರಲ್ಲಿ ಓದುತ್ತಾರೆ. ಮಗುವಿನ ಜೊತೆ ನಮ್ಮಿಬ್ಬರ ರಕ್ತವನ್ನೂ ಕೊಟ್ಟೆವು. ಬಂದ ಉತ್ತರ ‘ಮಹತ್ವ ಖಚಿತವಾಗದ ಬದಲಾವಣೆ’. ಕಾಯಿಲೆಗೆ ಅದೇ ಕಾರಣವೇ ಎಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಮಗಳಲ್ಲಿ ಕಂಡ ಆ ಬದಲಾವಣೆ ನಮ್ಮಿಬ್ಬರ ರಕ್ತದಲ್ಲೂ ಇರಲಿಲ್ಲ. ‘ಯಾರ ಕಡೆಯಿಂದ ಬಂತು?’ ಎಂದು ಕೇಳುತ್ತಿದ್ದ ನೆಂಟರ ಬಾಯಿ ಅಷ್ಟಕ್ಕೆ ಮುಚ್ಚಿತು. ಆ ವರದಿಯಿಂದಾದ ಮೊದಲ ಉಪಯೋಗ ಅದೇ!

ಹೆಸರು ಸಿಗಲಿ, ಆಮೇಲೆ ನೋಡೋಣ ಎಂದು ನಾವು ಕೂರಲಿಲ್ಲ. ಫಿಸಿಯೋಥೆರಪಿ, ನುಂಗುವ ತರಬೇತಿ, ಕಣ್ಣು ಕಿವಿಗಳ ತಪಾಸಣೆ ಯಾವುದಕ್ಕೂ ಹೆಸರು ಬೇಕಿಲ್ಲ. ಅರ್ಜಿಗಳಲ್ಲಿ ‘ಕಾಯಿಲೆ’ ಎಂದಿರುವಲ್ಲಿ ಅವಳಿಗೆ ಏನು ಬೇಕೆಂಬುದನ್ನೇ ಬರೆಯುತ್ತೇನೆ: ಕೂರಲು ಆಸರೆ ಬೇಕು, ಗಟ್ಟಿ ಆಹಾರ ಮೆದುಮಾಡಿ ಕೊಡಬೇಕು. ತಮ್ಮನಿಗೆ ಹೇಳಿರುವುದು ಇನ್ನೂ ಸರಳ. ‘ಅಕ್ಕನಿಗೆ ಏನಾಗಿದೆಯೆಂದು ಡಾಕ್ಟರಿಗೂ ಇನ್ನೂ ಗೊತ್ತಾಗಿಲ್ಲ. ನಿನ್ನಿಂದ ಆದದ್ದಲ್ಲ, ನಿನಗೆ ಅಂಟುವುದೂ ಇಲ್ಲ.’

ಎಕ್ಸೋಮ್ ದತ್ತಾಂಶದ ಪ್ರತಿಯನ್ನು ಪ್ರಯೋಗಾಲಯದಿಂದ ಕೇಳಿ ಪಡೆದಿದ್ದೇವೆ. ಜೀನ್‌ಗಳ ಬಗ್ಗೆ ಹೊಸ ಸಂಗತಿಗಳು ಪ್ರಕಟವಾಗುತ್ತಲೇ ಇರುವುದರಿಂದ, ಒಂದೆರಡು ವರ್ಷ ಬಿಟ್ಟು ಅದನ್ನೇ ಮತ್ತೆ ವಿಶ್ಲೇಷಿಸಿದರೆ ಕೆಲವು ಮಕ್ಕಳಿಗೆ ಉತ್ತರ ಸಿಗುತ್ತದೆ. ಹೊಸದಾಗಿ ರಕ್ತ ಕೊಡಬೇಕಾಗಿಲ್ಲ. ಒಂದೇ ಜೀನ್‌ನ ಬಗ್ಗೆ ತಲೆ ಕೆಡಿಸಿಕೊಂಡಿರುವ ಬೇರೆ ಬೇರೆ ದೇಶಗಳ ವೈದ್ಯರನ್ನು ಸೇರಿಸುವ ಜೀನ್‌ಮ್ಯಾಚರ್ ಎಂಬ ಜಾಲತಾಣದಲ್ಲಿ ವಿವರ ಹಾಕಲು ಒಪ್ಪಿಗೆಯನ್ನೂ ಕೊಟ್ಟಿದ್ದೇವೆ. ಈಗ ಮರುವಿಶ್ಲೇಷಣೆಯ ಸಮಯ. ಜೆನೆಟಿಕ್ಸ್ ತಜ್ಞರು ಕಳೆದ ಸಲದ ನಂತರ ಕಂಡ ಹೊಸ ಲಕ್ಷಣಗಳ ಪಟ್ಟಿ ಕೇಳಿದ್ದಾರೆ. ಒಂದು ಕಿವಿಯ ಶ್ರವಣ ಕುಗ್ಗಿರುವುದು ಅದರಲ್ಲಿ ಮೊದಲನೆಯದು.