ಧೂಪದ ಸಸಿಗೆ ಒಂದೇ ಮರದ ಮಣ್ಣು ಸಾಲದು

ಸಾಲುಧೂಪ, ಕಿರಾಲುಬೋಗಿಯಂಥ ಕಾಡುಮರಗಳ ಸಸಿ ಮಾಡುತ್ತಿದ್ದೀರಾ? ಚೀಲಕ್ಕೆ ಸುಮ್ನೆ ಕೆಮ್ಮಣ್ಣು, ಗೊಬ್ಬರ ತುಂಬಿ ಬಿಡಬೇಡಿ. ಈ ಮರಗಳ ಎಳೆಬೇರಿನ ತುದಿಗೆ ಎಕ್ಟೊಮೈಕೊರೈಜಾ ಶಿಲೀಂಧ್ರಗಳು ಕವಚದ ಹಾಗೆ ಸುತ್ತಿಕೊಂಡು, ಬೇರು ತಲುಪದ ಕಡೆಗೂ ನೂಲಿನಂಥ ಎಳೆ ಚಾಚಿ ರಂಜಕ, ಸಾರಜನಕ ತಂದುಕೊಡುತ್ತವೆ. ಬದಲಿಗೆ ಸಕ್ಕರೆ ಪಡೆಯುತ್ತವೆ. ಎಲ್ಲದರ ಕೆಲಸವೂ ಒಂದೇ ಅಲ್ಲ. ಕೆಲವು ಬೇರಿನ ಪಕ್ಕದಲ್ಲೇ ಇರುತ್ತವೆ, ಕೆಲವು ದೂರ ಹೋಗುತ್ತವೆ, ಇನ್ನು ಕೆಲವು ಕೊಳೆತ ಎಲೆಯೊಳಗಿನ ಸಾರಜನಕವನ್ನೂ ಬಿಡಿಸಿ ತರುತ್ತವೆ. ಅದಕ್ಕೇ ಹಲವು ಬಗೆ ಬೇಕು, ಅದರಲ್ಲೂ ಸತ್ವ ಕಡಿಮೆಯಿರುವ ಮಣ್ಣಿಗೆ.

ಈ ಶಿಲೀಂಧ್ರಗಳನ್ನು ತರಲು ಅದೇ ಜಾತಿಯ ಐದಾರು ಆರೋಗ್ಯವಂತ ಮರಗಳನ್ನು ಹುಡುಕಿ. ದೂರ ದೂರ ಇದ್ದರೆ ಒಳ್ಳೆಯದು. ಒಣ ಎಲೆ ಸರಿಸಿ, ಪ್ರತಿ ಮರದ ಬುಡದಿಂದ ಎಳೆಬೇರಿರುವ ಮೇಲ್ಮಣ್ಣು ಒಂದೊಂದು ಹಿಡಿ ಸಾಕು, ಜಾಸ್ತಿ ಬೇಡ. ಕಾಯ್ದಿಟ್ಟ ಕಾಡಾದರೆ ಅನುಮತಿ ಕೇಳಿ. ಬಿಸಿಲಿಗೆ ಒಣಗಿಸದೆ ಅವತ್ತೇ ಚೀಲದ ಮಣ್ಣಿಗೆ ಬೆರೆಸಿ. ಧೂಪದ ಬೀಜವೂ ಬೇಗ ಸಾಯುತ್ತದೆ, ಬಿದ್ದ ತಕ್ಷಣ ಬಿತ್ತಿ.

ಡಿಎಪಿಯಂಥ ರಂಜಕದ ಗೊಬ್ಬರ ಸುರಿಯಬೇಡಿ. ರಂಜಕ ಸುಲಭವಾಗಿ ಸಿಕ್ಕರೆ ಗಿಡ ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ. ಕೆಲವು ತಿಂಗಳ ಮೇಲೆ ಒಂದು ಸಸಿ ಕಿತ್ತು ಭೂತಗನ್ನಡಿಯಲ್ಲಿ ನೋಡಿ: ಬೇರಿನ ತುದಿ ದಪ್ಪವಾಗಿ, ಬಿಳಿ, ಕಂದು, ಕಪ್ಪು ಹೀಗೆ ಬೇರೆ ಬೇರೆ ಬಣ್ಣ ಕಂಡರೆ ಹಲವು ಬಗೆ ನೆಲೆಸಿರುವ ಸಾಧ್ಯತೆ ಹೆಚ್ಚು.

ಅಡಿಕೆ, ಮಾವಿಗೆ ಈ ಮಣ್ಣು ಹಾಕಬೇಡಿ, ಅವುಗಳ ಶಿಲೀಂಧ್ರವೇ ಬೇರೆ.